ಕಿಲಿಮಂಜಾರೋದಾಗ ನಾ ಹೇಳಿದ ಸುಳ್ಳು

ಬಂದು ಮೂರು ವಾರ ಆತು. ಕಾಯಿಪಲ್ಯಾ ತರಲಿಕ್ಕೆ ಹೋದ್ರೂ, ಭಜನಿಗೆ ಹೋದ್ರೂ, ಗಿರಣಿ ಮುಂದ ಹಿಟ್ಟಿನ ಡಬ್ಬಿ ಹಿಡಕೊಂಡು ನಿಂತ್ರೂ ಒಂದ ಪ್ರಶ್ನೆ. "ಏನ್ರೀ, ಆಫ್ರಿಕಾಕ್ಕ ಹೋಗಿದ್ರೆಂತ, ಗುಡ್ಡದ ತುದಿ ಮುಟ್ಟಿ ಬಂದ್ರೇನು?" ಇಲ್ರೀ ಅಂದ್ರ, "ಹೋಗ್ಲಿ ಬಿಡ್ರಿ, ಈ ವಯಸ್ಸಿನಾಗ ಅಷ್ಟು ಏರಿದ್ದ ದೊಡ್ಡದು" ಅಂತ ಸಮಾಧಾನ ಹೇಳ್ತಾರ. ಯಾಕ ಮುಟ್ಟಲಿಲ್ಲ ಅಂತ ಮಾತ್ರ ಯಾರೂ ಕೇಳಂಗಿಲ್ಲ. ಅದನ್ನ ಇಲ್ಲಿ ಬರದು ಬಿಡ್ತೇನಿ. ನಮ್ಮ ಮನಿಯವರು "ಇದನ್ನೆಲ್ಲಾ ಯಾಕ ಬರೀತಿ, ಮಂದಿ ನಗತಾರ" ಅಂದ್ರು. ನಕ್ಕರ ನಗಲಿ.

ನನ್ನ ಮಗಳು, ಅಳಿಯ ಟಾಂಝಾನಿಯಾದ ದಾರ್ ಎಸ್ ಸಲಾಮದಾಗ ಇರೋದು ನಿಮಗೆಲ್ಲಾ ಗೊತ್ತದ. ಮಗಳಿಗೆ ಎರಡು ವರ್ಷದಿಂದ ಕಿಲಿಮಂಜಾರೋ ಏರೋ ಹುಚ್ಚು. ರೊಕ್ಕಾ ಕೂಡಿಸಿ, ಬೂಟು ತಗೊಂಡು, ದಿನಾ ಹತ್ತು ಮಾಳಿಗಿ ಮೆಟ್ಟಲಾ ಹತ್ತಿ ಇಳದು ತಯಾರಿ ಮಾಡಿದ್ಲು. ಹೊರಡೋ ಹೊತ್ತಿಗೆ ಅಳಿಯಂದಿರಿಗೆ ರಜಾ ಸಿಗಲಿಲ್ಲ. "ಅಮ್ಮಾ, ನೀ ದಿನಾ ಕೆಲಗೇರಿ ಕೆರಿ ಸುತ್ತ ಅಡ್ಡಾಡ್ತಿ, ಗುಳಿಗಿ ಇಲ್ಲ, ಮಾತ್ರಿ ಇಲ್ಲ, ನೀನ ಬಾ" ಅಂದ್ಲು. ನನಗ ಐವತ್ನಾಲ್ಕು. ಡಾಕ್ಟರ್ ಕಡೆ ಹೋಗಿ ಇಸಿಜಿ, ಬಿಪಿ, ರಕ್ತ ಎಲ್ಲಾ ತೋರಿಸಿದೆ. ಹೋಗಬಹುದು, ಆದ್ರ ಸಾವಕಾಶ ಏರ್ರಿ ಅಂದ್ರು. ಎತ್ತರದ ಬ್ಯಾನಿಗೆ ಡೈಮಾಕ್ಸ್ ಅನ್ನೋ ಗುಳಿಗಿ ಬರದು ಕೊಟ್ರು. ಎದುರು ಮನಿ ವೈನಿ ತಮ್ಮ ಉಣ್ಣಿ ಟೊಪಗಿ ಕೊಟ್ರು. ಸಂಕ್ರಾಂತಿ ಮುಗಿಸಿ ಹೊಂಟೆ.

ದಾರ್ ಎಸ್ ಸಲಾಮದಿಂದ ಮೋಶಿ ಅನ್ನೋ ಊರಿಗೆ ಬಸ್ಸಿನಾಗ ಇಡೀ ದಿನ. ಕಿಡಕಿ ಹೊರಗ ಮೈಲಿಗಟ್ಟಲೆ ಕತ್ತಾಳಿ ಹೊಲ, ನಡುವ ದಪ್ಪ ಹೊಟ್ಟಿ ಬಾವೊಬಾಬ್ ಗಿಡ. ಅವರ ಸ್ವಾಹಿಲಿ ಭಾಷಾದಾಗ ಅಂಗಡಿಗೆ ದುಕಾ, ಮೋಟಾರಿಗೆ ಗಾರಿ, ಚಾಕ್ಕ ಚಾಯ್, ಚಪಾತಿಗೆ ಚಪಾತಿ. ಅರ್ಧಾ ಸಂಸಾರ ಇಷ್ಟರಾಗ ನಡೀತದ ಅಂತ ನನಗ ಧೈರ್ಯ ಬಂತು. ಮೋಶಿಯೊಳಗ ಮರುದಿನ ಮುಂಜಾನೆ ಮೋಡ ಸರದಾಗ ಮಗಳು ಬೆರಳು ಮಾಡಿ ತೋರಿಸಿದ್ಲು. ನಾ ಗಿಡದ ಎತ್ತರಕ್ಕ ನೋಡ್ಲಿಕ್ಕೆ ಹತ್ತಿದ್ದೆ. "ಅಲ್ಲಲ್ಲ, ಇನ್ನೂ ಮ್ಯಾಲೆ" ಅಂದ್ಲು. ಕುತ್ತಿಗಿ ಎತ್ತಿದೆ. ಮೋಡದ ಮ್ಯಾಲೆ, ಆಕಾಶದಾಗ, ಬೆಳ್ಳಗ ಕೂತಿತ್ತು.

ಪಿಯುಸಿಯೊಳಗ ಭೂಗೋಳ ಓದಿದಾಕಿ ನಾ. ಭೂಮಧ್ಯರೇಖೆ ಅಂದ್ರ ಬೆಂಕಿಯಂಥ ಬಿಸಲು ಅಂತ ಬರದು ಮಾರ್ಕ್ಸ್ ತಗೊಂಡಿದ್ದೆ. ಇಲ್ಲಿ ಆ ರೇಖೆಯಿಂದ ಬರೇ 300 ಚಿಲ್ಲರೆ ಕಿಲೋಮೀಟರಿಗೆ ಬರ್ಫು. ಕಿಲಿಮಂಜಾರೋ ಅಂದ್ರ ಮೂರು ಜ್ವಾಲಾಮುಖಿ ಕೂಡಿ ಆದ ಗುಡ್ಡ. ಶಿರಾ ಮತ್ತ ಮಾವೆಂಝಿ ತಣ್ಣಗಾಗಿ ಮುಗದಾವ. ನಡುವಿನ ಕಿಬೋ ಮಲಗ್ಯದ ಅಷ್ಟ, ಅದರ ಬಾಯಾಗ ಇನ್ನೂ ಗಂಧಕದ ಹಬಿ ಏಳತದ. ಕಿಬೋದ ನೆತ್ತಿನ ತುದಿ, 5895 ಮೀಟರ್. ಅದರ ಹೆಸರು ಉಹುರು, ಅಂದ್ರ ಸ್ವಾತಂತ್ರ್ಯ. 1961ರಾಗ ಆ ದೇಶ ಸ್ವತಂತ್ರ ಆದಾಗ ತುದಿಮ್ಯಾಲೆ ದೀವಟಿಗಿ ಹಚ್ಚಿ ಇಟ್ಟಿದ್ರು. ಬರ್ಫು ಮಾತ್ರ ಕರಗೇದ. 1912ರಾಗ ಇದ್ದದ್ದರಾಗ ನೂರಕ್ಕ 80ಕಿಂತ ಹೆಚ್ಚು ಹೋಗೇದ. ನಮ್ಮ ಮೊಮ್ಮಕ್ಕಳು ಹೋದ್ರ ಬರೇ ಕಲ್ಲು ನೋಡಿ ಬರಬೇಕೇನೋ.

ಏರಲಿಕ್ಕೆ ದಾರಿ ಭಾಳ ಅವ. ನಾವು ಹೋಗಿದ್ದು ಮರಾಂಗು ದಾರಿ, ಯಾಕಂದ್ರ ಅಲ್ಲಿ ಡೇರೆ ಬ್ಯಾಡ, ಮಲಗಲಿಕ್ಕೆ ಕಟ್ಟಿಗಿ ಗುಡಿಸಲು ಅವ. ಮರಾಂಗು ಊರಾಗ ಚಾಗಾ ಅನ್ನೋ ಮಂದಿ ಇರ್ತಾರ. ಕೆಂಪ ಮಣ್ಣು, ಬಾಳಿ ತ್ವಾಟ, ಬಾಳಿ ನೆರಳಾಗ ಕಾಫಿ, ಗುಡ್ಡದ ನೀರು ತರೋ ಸಣ್ಣ ಸಣ್ಣ ಕಾಲುವಿ. ಜ್ವಾಲಾಮುಖಿ ಬೂದಿಯಿಂದ ಆದ ಮಣ್ಣು, ಕಡ್ಡಿ ಊರಿದ್ರೂ ಚಿಗೀತದ. ನನ್ನ ತವರುಮನಿ ವಿಜಾಪೂರ ಕಡೆ ಎರಿ ಮಣ್ಣೂ ಹಿಂಗ ಹಳೇ ಕಾಲದ ಲಾವಾ ಕಲ್ಲು ಕರಗಿ ಆದದ್ದು ಅಂತ ನಮ್ಮ ಮಾಸ್ತರು ಹೇಳಿದ್ದು ಅಲ್ಲಿ ನೆನಪಾತು.

ಗೇಟಿನ್ಯಾಗ ಸಾಮಾನು ತೂಕ ಮಾಡ್ತಾರ. ಒಬ್ಬ ಹಮಾಲಿ ಹುಡುಗ 20 ಕಿಲೋಕಿಂತ ಹೆಚ್ಚು ಹೊರೋಹಂಗಿಲ್ಲ ಅಂತ ನಿಯಮ. ನಾ ತಂದ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗಿ ಚೀಲ ತಕ್ಕಡಿಗೆ ಏರಿದಾಗ ಮಗಳು ಮುಖಾ ಆ ಕಡೆ ತಿರುಗಿಸಿದ್ಲು. ದೊಡ್ಡ ವಹಿಯೊಳಗ ಹೆಸರು, ವಯಸ್ಸು, ದೇಶ, ಉದ್ಯೋಗ ಬರದು ಸಹಿ ಮಾಡಬೇಕು. ಮ್ಯಾಲಿನ ಸಾಲಿನ್ಯಾಗ ಇಂಜಿನಿಯರ್, ಡಾಕ್ಟರ್, ಟೀಚರ್. ನಾ ಹೌಸ್‌ವೈಫ್ ಅಂತ ಬರದೆ. ಆ ಗೇಟ್ ಇರೋದ ಸುಮಾರು 1900 ಮೀಟರ್ ಎತ್ತರದಾಗ, ಹೆಚ್ಚು ಕಡಿಮಿ ನಮ್ಮ ಮುಳ್ಳಯ್ಯನಗಿರಿಯಷ್ಟು. ನಮ್ಮ ರಾಜ್ಯದ ತುದಿ ಮುಗಿಯೋದು ಎಲ್ಲೋ, ಇವರ ಗುಡ್ಡ ಶುರು ಆಗೋದು ಅಲ್ಲೆ.

ನಮ್ಮ ಗೈಡ್ ನಲವತ್ತರ ಆಸುಪಾಸಿನ ಮನಷ್ಯಾ, ಶಾಂತ. ಅಂವ ನನಗ "ಮಾಮಾ" ಅಂತ ಕರೀಲಿಕ್ಕೆ ಹತ್ತಿದಾಗ ನನಗ ನಗಿ ತಡೀಲಿಕ್ಕೆ ಆಗಲಿಲ್ಲ. ಸ್ವಾಹಿಲಿಯೊಳಗ ಮಾಮಾ ಅಂದ್ರ ತಾಯಿ. ಹುಟ್ಟಿದಾಗಿಂದ ನನಗ ಮಾಮಾ ಅಂದವರು ಅವರಷ್ಟ. ಹೆಜ್ಜಿ ಹೆಜ್ಜಿಗೂ "ಪೋಲೆ ಪೋಲೆ" ಅಂತಿದ್ದ, ಅಂದ್ರ ಸಾವಕಾಶ ಸಾವಕಾಶ. ಬೆಳಗಾದ್ರ "ಹಬಾರಿ, ಮಾಮಾ?", ಹೆಂಗಿದ್ದೀರಿ ಅಂತ. ಅದಕ್ಕ "ನ್ಜೂರಿ" ಅನ್ನಬೇಕು, ಆರಾಮ ಅಂತ. ನಾ ಮೊದಲು ಕಲತ ಸ್ವಾಹಿಲಿ ಮಾತು ಅದ.

ಮೊದಲನೇ ದಿನ ದಟ್ಟ ಅಡವಿ. ಕಪ್ಪು ಬಿಳಿ ಉದ್ದ ಕೂದಲದ ಮಂಗ್ಯಾ, ಶಾಲು ಹೊತಗೊಂಡಂಗ ಕಾಣ್ತಾವ. ನಮ್ಮ ಕರ್ಣಕುಂಡಲದ ಜಾತಿ ಒಂದು ಹೂ, ಕೆಂಪು ಹಳದಿ, ಆನಿ ಸೊಂಡಿ ಹಂಗ ಬಾಗಿದ್ದು, ಅದು ಈ ಗುಡ್ಡದಾಗಷ್ಟ ಬೆಳೀತದಂತ. ಕಿತ್ತು ತರಬೇಕು ಅಂತ ಕೈ ಹೋತು, ನ್ಯಾಶನಲ್ ಪಾರ್ಕ್ ಅಮ್ಮಾ ಅಂತ ಮಗಳು ಬೈದ್ಲು. ರಾತ್ರಿ ಮಂಡಾರಾ ಅನ್ನೋ ಗುಡಿಸಲದಾಗ, 2720 ಮೀಟರ್. ಛೊಲೊ ನಿದ್ದಿ ಬಂತು.

ಎರಡನೇ ದಿನ 11 ಕಿಲೋಮೀಟರ್ ಏರು. ಗಿಡ ಗಿಡ್ಡ ಆಗತಾ ಆಗತಾ ಕಡೀಕ ಮೊಣಕಾಲೆತ್ತರದ ಕಂಟಿ ಆದವು. ಹೊರೊಂಬೋ ಗುಡಿಸಲು ಮುಟ್ಟಿದಾಗ ನಾವು ಮೋಡದ ಮ್ಯಾಲೆ ಇದ್ವಿ, 3720 ಮೀಟರ್. ಕುತ್ತಿಗಿಮ್ಯಾಲೆ ಬಿಳೇ ಪಟ್ಟಿ ಇರೋ ಹದ್ದಿನಷ್ಟು ದೊಡ್ಡ ಕಾಗಿ ಅಂಗಳದಾಗ ಅಡ್ಡಾಡ್ತಿದ್ವು. ಪಿತೃಪಕ್ಷದಾಗ ಇಂಥಾವು ನಮ್ಮನಿಗೆ ಬಂದ್ರ ಒಂದು ಎಡಿ ಸಾಕಾಗಂಗಿಲ್ಲ.

ಆ ಸಂಜಿಮುಂದ ನನ್ನ ತಲಿಶೂಲಿ ಶುರು ಆತು. ಹುಬ್ಬಿನ ಮ್ಯಾಲೆ, ಯಾರೋ ಒಳಗಿಂದ ಒತ್ತಿದಂಗ. ಗೈಡ್ ಬಂದು ಬೆರಳಿಗೆ ಆಕ್ಸಿಮೀಟರ್ ಹಾಕಿದ. ಕೊರೊನಾದಾಗ ಮನಿಮನಿಗೂ ಇತ್ತಲ್ಲ, ಅದ. 88 ತೋರಿಸ್ತು. ನನ್ನ ಎದಿ ಧಸಕ್ಕಂತು, 94ಕ್ಕ ಕೆಳಗ ಬಂದ್ರ ದವಾಖಾನಿ ಅಂತ ನಾವು ಆಗ ಬಾಯಿಪಾಠ ಮಾಡಿದ್ವಲ್ಲ. ಅಂವ ನಕ್ಕು, ಇಷ್ಟು ಎತ್ತರದಾಗ ಇದು ಬರೋದ, ನಂಬರಕಿಂತ ನೀವು ಹೇಳೋದು ಮುಖ್ಯ ಅಂದ. ಆಮ್ಯಾಲೆ ಒಂದೊಂದ ಕೇಳಿದ: ತಲಿ ನೋಯ್ತದ? ಊಟ ಹೋಗ್ತದ? ವಾಂತಿ ಬಂದಂಗ ಆಗ್ತದ? ತಲಿ ತಿರಗತದ?

"ನ್ಜೂರಿ" ಅಂದೆ. ಯಾಕ ಅಂದೆ ಅಂತ ಈಗ ಕೇಳಬ್ಯಾಡ್ರಿ. ಬಾಯಿಗೆ ಅದ ಬಂತು. ಮೂವತ್ತು ವರ್ಷದಿಂದ ತಲಿ ನೊಂದ್ರ ಅಮೃತಾಂಜನ ಹಚ್ಚಿಕೊಂಡು ಸೆರಗು ಬಿಗದು ಕಟಗೊಂಡು ಒಲಿ ಮುಂದ ನಿಂತಾಕಿ ನಾ. "ಏನಾಗ್ಯದ?" ಅಂತ ಯಾರರೆ ಕೇಳಿದ್ರ "ಏನಿಲ್ಲ" ಅನ್ನೋದು ಉತ್ತರ ಅಲ್ಲ, ಉಸಿರಾಡಿದಂಗ. ಅದೂ ಅಲ್ದ ಮಗಳ ಮುಖಾ ನೋಡಿದೆ. ಎರಡು ವರ್ಷದ ಆಸೆ. ಚೀಲದಾಗಿನ ತಲಿನೋವಿನ ಗುಳಿಗಿ ಕದ್ದು ನುಂಗಿದೆ. ಅಷ್ಟ ಅಲ್ಲ, ಇನ್ನೊಂದು ಮಾಡಿದೆ. ಡೈಮಾಕ್ಸ್ ತಗೊಂಡ್ರ ಮೂತ್ರಕ್ಕ ಭಾಳ ಹೋಗಬೇಕಾಗ್ತದ. ನಡುರಾತ್ರಿ ಆ ಥಂಡಿಯೊಳಗ, ಬ್ಯಾಟರಿ ಹಿಡಕೊಂಡು, ಮೂರು ಮೂರು ಸರ್ತೆ ಹೊರಗ ಹೋಗೋದು ಬ್ಯಾಡಾಗಿ ಸಂಜಿ ಗುಳಿಗಿ ಬಿಟ್ಟುಬಿಟ್ಟೆ. ಅದನ್ನೂ ಹೇಳಲಿಲ್ಲ.

ಮೂರನೇ ದಿನ ಏರೋದಿಲ್ಲ, ಎತ್ತರಕ್ಕ ಮೈ ಒಗ್ಗಲಿ ಅಂತ ಅಲ್ಲೆ ಇರೋದು. ಅಡಗಿ ಹುಡುಗನ ಹತ್ರ ಹೋಗಿ ಕೂತೆ. ಅಂವ ಕನ್ನಡ ಅರಿಯ, ನಾ ಸ್ವಾಹಿಲಿ ಅರಿಯೆ, ಆದ್ರ ಪಾತೇಲಿ ಮುಂದ ಕೂತವರಿಗೆ ಭಾಷಾ ಎಷ್ಟು ಬೇಕು? ಕಾಳು ಯಾಕ ಮಾಡಂಗಿಲ್ಲ ಅಂತ ಕೈಸನ್ನಿಯೊಳಗ ಕೇಳಿದೆ. ಮಗಳು ತಿಳಿಸಿ ಹೇಳಿದ್ಲು. ನಮ್ಮ ಕಡೆ ನೀರು ಕುದಿಯೋದು 100 ಡಿಗ್ರಿ ಹತ್ರ. ಮ್ಯಾಲೆ ಹೋದಂಗ ಹವಾ ತೆಳು ಆಗ್ತದ, ಹೊರೊಂಬೋದಾಗ ಸುಮಾರು 87-88ಕ್ಕ ಕುದೀತದ. ಎಷ್ಟು ಉರಿ ಹಚ್ಚಿದ್ರೂ ಅದರ ಮ್ಯಾಲೆ ಹೋಗಂಗಿಲ್ಲ. ಅಂದ್ರ ಬ್ಯಾಳಿ ಕುದೀತದ, ಬೇಯಂಗಿಲ್ಲ! ಕಾಳು ಬೇಕಂದ್ರ ಕೆಳಗಿಂದನ ಬೇಯಿಸಿಕೊಂಡು ಬರಬೇಕು. ಚಾ ಯಾಕ ಸಪ್ಪಗ ಅನಸ್ತಿತ್ತು ಅಂತ ಆವಾಗ ತಿಳೀತು. ತುದಿಮ್ಯಾಲೆ ಒಂದು ಉಸಿರಿಗೆ ಸಿಗೋ ಹವಾ ಸಮುದ್ರದ ದಂಡಿಗೆ ಸಿಗೋದರ ಅರ್ಧಾ ಅಂತ. ನನ್ನ ತಲಿಯೊಳಗೂ ಅದ ನಡದಿತ್ತು, ಉರಿ ಇತ್ತು, ಬೇಯ್ತಿರಲಿಲ್ಲ.

ಮಧ್ಯಾಹ್ನ ಝೀಬ್ರಾ ರಾಕ್ಸ್ ಅನ್ನೋ ಕಪ್ಪು ಬಿಳಿ ಪಟ್ಟಿ ಕಲ್ಲಿನ ತನಕ ಏರಿ ಇಳದ್ವಿ. ದಾರಿಯೊಳಗ ಸೆನೆಸಿಯೋ ಅನ್ನೋ ವಿಚಿತ್ರ ಗಿಡ, ದಪ್ಪ ದಿಂಡಿನ ಮ್ಯಾಲೆ ಕ್ಯಾಬೀಜ ಇಟ್ಟಂಗ. ಒಣಗಿದ ಎಲಿ ಉದರಸದನ ಮೈಗೆ ಸುತಗೊಂಡು ನಿಂತಿರ್ತಾವ, ರಾತ್ರಿ ಥಂಡಿಗೆ ಅದ ಅವುಕ್ಕ ಕೌದಿ. ಅಲ್ಲಿ ಹಗಲೆಲ್ಲಾ ಮಾರಿ ಸುಡೋ ಬಿಸಲು, ರಾತ್ರಿ ನೀರು ಹೆಪ್ಪುಗಟ್ಟತದ, ವರ್ಷಪೂರ್ತಿ ಹಂಗ. ಗುಳಿಗಿ ನುಂಗಿದ್ದಕ್ಕ ತಲಿಶೂಲಿ ಕಮ್ಮಿ ಅನಸ್ತು. ಆತು, ಗೆದ್ದೆ ಅಂದುಕೊಂಡೆ.

ನಾಲ್ಕನೇ ದಿನ ಕಿಬೋ ಗುಡಿಸಲಕ್ಕ. ಮಾವೆಂಝಿ ಮತ್ತ ಕಿಬೋ ನಡುವ ಬಯಲು, ಹುಲ್ಲು ಸೈತ ಇಲ್ಲ, ಬರೇ ಗಾಳಿ ಮತ್ತ ಬೂದಿ ಬಣ್ಣದ ಉಸುಕು. ಹಾದಿಯೊಳಗ ಕಡೀ ನೀರು ಅಂತ ಒಂದು ಜಾಗಾ, ಅಲ್ಲಿಂದ ಮುಂದ ನೀರಿಲ್ಲ, ಮ್ಯಾಲಿನ ಗುಡಿಸಲಕ್ಕ ನೀರು ಹಮಾಲಿ ಹುಡುಗೂರು ಹೊತ್ತ ಒಯ್ಯಬೇಕು. ನಾ ಅಡಗಿಮನಿ ನಳಾ ಬಿಟ್ಟು ಮಾತಾಡಕೋತ ನಿಂತದ್ದೆಲ್ಲಾ ನೆನಪಾತು. ಮಧ್ಯಾಹ್ನಕ್ಕ ಗುರೆಳ್ಳು ಚಟ್ನಿ ಡಬ್ಬಿ ತಗದ್ರ ಅದರ ವಾಸನಿ ನನಗ ತಡೀಲಿಲ್ಲ. ನಾನ ಕುಟ್ಟಿದ ಚಟ್ನಿ! ಅದೊಂದ ಸಾಕಿತ್ತು ತಿಳಕೊಳ್ಳಲಿಕ್ಕೆ.

ಕಿಬೋ ಗುಡಿಸಲು 4720 ಮೀಟರ್. ಮುಟ್ಟಿದ ಕೂಡ್ಲೆ ಸಂಡಾಸಿನ ಹಿಂದ ಹೋಗಿ ವಾಂತಿ ಮಾಡಕೊಂಡೆ. ಸುತ್ತ ನೋಡಿ ಬೂಟಿನಿಂದ ಉಸುಕು ದೂಡಿ ಮುಚ್ಚಿದೆ. ಬಾಯಿ ತೊಳಕೊಂಡು ಒಳಗ ಬಂದೆ. ಗೈಡ್ "ಹಬಾರಿ, ಮಾಮಾ?" ಅಂದ. "ನ್ಜೂರಿ." ಅಂವ ಒಂದು ನಿಮಿಷ ನನ್ನ ಮುಖಾ ನೋಡಿದ. ಹೊಳ್ಳಿ ಕೇಳಿದ. ಹೊಳ್ಳಿ ಅದನ್ನ ಹೇಳಿದೆ.

ರಾತ್ರಿ ಹನ್ನೊಂದಕ್ಕ ಎಬ್ಬಿಸ್ತಾರ, ಹೊತ್ತು ಮೂಡೋದರಾಗ ಮ್ಯಾಲಿನ ಅಂಚು ಮುಟ್ಟಬೇಕು ಅಂತ. ನಾಲ್ಕು ಅಂಗಿ, ಎರಡು ಪ್ಯಾಂಟು, ವೈನಿ ಟೊಪಗಿ ಎಲ್ಲಾ ಹಾಕ್ಕೊಂಡು ಬೂಟಿನ ಲೇಸು ಕಟ್ಟಲಿಕ್ಕೆ ಕೂತೆ. ಕಟ್ಟಲಿಕ್ಕೆ ಬರಲಿಲ್ಲ. ಗಂಟು ಹೆಂಗ ಹಾಕೋದು ಅನ್ನೋದ ಮರತಿತ್ತು. ಎರಡೂ ದಾರ ಕೈಯಾಗ ಹಿಡಕೊಂಡು ನೋಡಕೋತ ಕೂತಿದ್ದೆ. ಎಷ್ಟೊತ್ತು ಕೂತಿದ್ದೆನೋ, ಮಗಳು "ಅಮ್ಮಾ?" ಅಂದ್ಲು. ನಾ ಏನೋ ಅಂದೆ, ಅದು ಮಾತಾಗಿ ಬರಲಿಲ್ಲಂತ. ಅಕಿ ಹೊರಗ ಓಡಿದ್ಲು. ಗೈಡ್ ಬಂದು ನನ್ನ ಎಬ್ಬಿಸಿ, ನೆಲದ ಮ್ಯಾಲೆ ಬೂಟಿನಿಂದ ಒಂದು ಗೀಟು ಎಳದು, ಅದರ ಮ್ಯಾಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೀರಿ ಅಂದ. ಮೂರನೇ ಹೆಜ್ಜಿಗೆ ಅವನ ಮೈಮ್ಯಾಲೆ ಬಿದ್ದೆ.

ಆಮ್ಯಾಲೆ ಅಂವ ನನ್ನ ಏನೂ ಕೇಳಲಿಲ್ಲ. ಮೆದುಳಿಗೆ ನೀರು ತುಂಬಲಿಕ್ಕೆ ಹತ್ತೇದ, ಈಗಿಂದೀಗ ಇಳೀಬೇಕು, ಮುಂಜಾನೆ ತನಕ ಕಾಯೋಹಂಗಿಲ್ಲ ಅಂದ. ಮಗಳಿಗೆ, "ಇನ್ನೊಬ್ಬ ಗೈಡ್ ನಿಮ್ಮನ್ನ ತುದಿಗೆ ಕರಕೊಂಡು ಹೋಗ್ತಾನ, ಮಾಮಾನ್ನ ನಾ ಇಳಿಸ್ತೇನಿ, ನೀವು ಹೋಗ್ರಿ" ಅಂತ ಹೇಳಿದ್ದು ನನಗ ಮಬ್ಬು ಮಬ್ಬು ನೆನಪದ. ಅಕಿ ಆಗಲೇ ನನ್ನ ಚೀಲ ಹೆಗಲಿಗೆ ಹಾಕ್ಕೊಂಡಿದ್ಲು.

ಸ್ವಲ್ಪ ದೂರ ನಡಿಸಿದ್ರು. ಆಮ್ಯಾಲೆ ಒಂದ ಗಾಲಿ ಇರೋ ಸ್ಟ್ರೆಚರ್ ಮ್ಯಾಲೆ ಮಲಗಿಸಿ ಪಟ್ಟಿ ಬಿಗದ್ರು. ಆ ಕಲ್ಲ ಹಾದಿಯೊಳಗ, ಕತ್ತಲದಾಗ, ಹಣಿಗೆ ದೀಪಾ ಕಟಗೊಂಡು ಹುಡುಗೂರು ಎರಡೂ ಬಾಜೂ ಹಿಡಕೊಂಡು ಓಡಿದ್ರು. ಹಿಂದಿನ ದಿನ ನನ್ನ ರೊಟ್ಟಿ ಹೊತ್ತ ಹುಡುಗೂರ ಈಗ ನನ್ನ ಹೊತ್ತಿದ್ರು. ಕಲ್ಲಿಗೆ ಗಾಲಿ ಬಡದಾಗೆಲ್ಲಾ ಒಬ್ಬ "ಪೋಲೆ, ಮಾಮಾ" ಅಂತಿದ್ದ. ಎರಡು ಸರ್ತೆ ಅಂದ್ರ ಸಾವಕಾಶ, ಒಂದ ಸರ್ತೆ ಅಂದ್ರ ಅಯ್ಯೋ ಪಾಪ, ಅಂತ ಆಮ್ಯಾಲೆ ತಿಳೀತು. ಮ್ಯಾಲೆ ನಕ್ಷತ್ರ ಅಷ್ಟು ದೊಡ್ಡವು ಇದ್ವು, ನೋಡಿದ್ರ ಹೊಟ್ಟಿ ತೊಳಸ್ತಿತ್ತು, ಕಣ್ಣು ಮುಚ್ಚಿದೆ.

ಹೊರೊಂಬೋ ಮುಟ್ಟಿದಾಗ ನಸುಕು ಆಗಿರಲಿಲ್ಲ. ಸಾವಿರ ಮೀಟರ್ ಇಳದಿದ್ವಿ. ಯಾರೋ ಪರದೆ ಸರಿಸಿದಂಗ ತಲಿ ತಿಳಿ ಆಗ್ತಾ ಬಂತು. ಆರೂವರಿಗೆ ಹೊತ್ತು ಮೂಡಿತು. ಮಗಳು ಗುಡಿಸಲದ ಮೆಟ್ಟಲ ಮ್ಯಾಲೆ ಕೂತು ಕಿಬೋದ ಕಡೆ ನೋಡ್ತಿದ್ಲು. ಬರ್ಫು ಕೇಸರಿ ಬಣ್ಣ ಆಗಿತ್ತು. ಅದ ಹೊತ್ತಿಗೆ ಅಕಿ ಅಲ್ಲಿರಬೇಕಾಗಿತ್ತು. ನಾ ಹೋಗಿ ಬಾಜೂಕ ಕೂತೆ. ಅಕಿ ನನ್ನ ಕಡೆ ನೋಡದ ಕೇಳಿದ್ಲು:

"ತಲಿನೋವು ಯಾವಾಗಿಂದ ಇತ್ತು?"

"ಇಲ್ಲಿ ಮುಟ್ಟಿದ ದಿನದಿಂದ."

"ಡೈಮಾಕ್ಸ್?"

"ಬಿಟ್ಟಿದ್ದೆ."

ಬೈತಾಳ ಅಂದುಕೊಂಡೆ. ಬೈಲಿಲ್ಲ. "ಅವತ್ತ ಹೇಳಿದ್ರ ನೀ ಇಲ್ಲೆ ಇರ್ತಿದ್ದಿ ಅಮ್ಮಾ, ಚಾ ಕುಡಕೋತ. ನಾ ಮ್ಯಾಲೆ ಹೋಗಿ ಬರ್ತಿದ್ದೆ. ಇಬ್ಬರಿಗೂ ಏನೂ ಆಗ್ತಿರಲಿಲ್ಲ" ಅಂದು ಎದ್ದು ಹೋದ್ಲು. ಆ ಇಡೀ ದಿನ ನನ್ನ ಜೋಡಿ ಮಾತಾಡಲಿಲ್ಲ.

ಗೈಡ್ ಬಂದ. ನನಗ ಅವನ ಮುಖಾ ನೋಡಲಿಕ್ಕೆ ಆಗಲಿಲ್ಲ. ಅಂವ ಸಿಟ್ಟು ಮಾಡಲಿಲ್ಲ. "ನಮ್ಮಲ್ಲೂ ಯಾರು ಕೇಳಿದ್ರೂ ಮೊದಲು ನ್ಜೂರಿ ಅಂತೇವಿ, ಮನಿಯೊಳಗ ಹೆಣಾ ಇದ್ರೂ ಮೊದಲು ನ್ಜೂರಿ, ಆಮ್ಯಾಲೆ ಸುದ್ದಿ. ಅದಕ್ಕ ನಾ ಎರಡು ಸರ್ತೆ ಕೇಳ್ತೇನಿ. ನೀವು ಎರಡೂ ಸರ್ತೆ ಅದನ್ನ ಅಂದ್ರಿ. ಗುಳಿಗಿ ನೋವು ಮುಚ್ಚತದ, ಬ್ಯಾನಿ ಮುಚ್ಚಂಗಿಲ್ಲ" ಅಂದ. ಮಗಳು ಅದನ್ನ ನನಗ ಕನ್ನಡದಾಗ ಹೇಳಬೇಕಾತು, ಗ್ವಾಡಿ ನೋಡಕೋತ ಹೇಳಿದ್ಲು.

ಅವತ್ತ ಮಧ್ಯಾಹ್ನ ಕಟ್ಟಿಗಿ ಹಾಸಿಗಿಮ್ಯಾಲೆ ಮಲಗಿ ನಮ್ಮವ್ವನ್ನ ನೆನಸಕೊಂಡೆ. ಅಕಿ ಆರು ತಿಂಗಳು ಹೊಟ್ಟಿಬ್ಯಾನಿ ಮುಚ್ಚಿಟ್ಟಿದ್ಲು. ತಂಗಿ ಲಗ್ನ ಆಗಲಿ ಅಂತ. ಲಗ್ನ ಛೊಲೊ ಆತು. ಆಮ್ಯಾಲೆ ಡಾಕ್ಟರ್ ಕಡೆ ಹೋದ್ರ ತಡ ಆಗಿತ್ತು. "ಯಾಕ ಹೇಳಲಿಲ್ಲಬೇ?" ಅಂತ ದವಾಖಾನಿಯೊಳಗ ಅಕಿ ಮ್ಯಾಲೆ ಒದರಾಡಿದಾಕಿ ನಾ. ಅಕಿ "ಏನಿಲ್ಲ ಬಿಡು" ಅಂದಿದ್ಲು. ನನಗ ಅಕಿಮ್ಯಾಲೆ ಇನ್ನೂ ಸಿಟ್ಟದ, ಇಪ್ಪತ್ತೆರಡು ವರ್ಷ ಆದ್ರೂ. ಮಗಳು ಬಾಯಿ ಬಿಗದು ಅಡ್ಡಾಡೋದು ನೋಡಿ ಆ ಸಿಟ್ಟಿನ ರುಚಿ ಗುರುತು ಹಿಡದೆ.

ಮರುದಿನ ಇಳದ್ವಿ. ಗೇಟಿನ್ಯಾಗ ತುದಿ ಮುಟ್ಟಿದವರಿಗೆ ಸರ್ಟಿಫಿಕೇಟ್ ಕೊಡ್ತಿದ್ರು, ಫೋಟೊ ತಕ್ಕೊಳ್ತಿದ್ರು. ನಾವು ಬಾಜೂಕ ನಿಂತು ಹುಡುಗೂರಿಗೆಲ್ಲಾ ಬಕ್ಷೀಸು ಕೊಟ್ವಿ. ಉಳಿದ ಶೇಂಗಾ ಹೋಳಿಗಿ ಡಬ್ಬಿ ಸ್ಟ್ರೆಚರ್ ಹಿಡದ ಹುಡುಗೂರ ಕೈಯಾಗ ಇಟ್ಟೆ. ಬಸ್ಸಿನಾಗ ಮಗಳು ನನ್ನ ಹೆಗಲ ಮ್ಯಾಲೆ ತಲಿ ಇಟ್ಟು ಮಲಗಿದ್ಲು. ಸಮಾಧಾನ ಆಗ್ಯದೋ, ನಿದ್ದಿ ಬಂದದೋ, ಕೇಳಲಿಲ್ಲ.

ಈಗ ಅಕಿ ದಿನಾ ಸಂಜಿಗೆ ಫೋನ್ ಮಾಡ್ತಾಳ. "ಹಬಾರಿ?" ಅಂತಾಳ. ನಾ "ನ್ಜೂರಿ" ಅಂತೇನಿ. ಸ್ವಲ್ಪ ತಡದು ಹೊಳ್ಳಿ "ಹಬಾರಿ?" ಅಂತಾಳ. ಮೊನ್ನೆ ಎರಡನೇ ಸರ್ತೆಗೆ ಬಲಗಡೆ ಮೊಣಕಾಲು ನೋಯ್ಲಿಕ್ಕೆ ಹತ್ತೇದ, ಇಳಿಯೋವಾಗ ತಿರುವಿರಬೇಕು ಅಂತ ಹೇಳಿದೆ. ನಮ್ಮ ಮನಿಯವರು ಪೇಪರ್ ಇಳಿಸಿ, "ನನಗ ಹೇಳೇ ಇಲ್ಲಲ್ಲ?" ಅಂದ್ರು. ನೀವು ಎರಡು ಸರ್ತೆ ಕೇಳಿಲ್ಲ ಅಂದೆ. ಬುಧವಾರ ಡಾಕ್ಟರ್ ಕಡೆ ಹೊಂಟೇವಿ.

ಅಕಿ ಬರೋ ಜನವರಿಗೆ ಹೊಳ್ಳಿ ಹೋಗೋ ವಿಚಾರದಾಗ ಇದ್ದಾಳ. ನಾ ಹೊರೊಂಬೋ ತನಕ ಬರ್ತೇನಿ, ಅಲ್ಲೆ ಕೂತು ಚಾ ಕುಡೀತೇನಿ ಅಂದೇನಿ. ಎದುರು ಮನಿ ವೈನಿ, ನಿಮ್ಮ ಟೊಪಗಿ ಎರಡು ಸರ್ತೆ ಒಗದೇನಿ, ಬೂದಿ ಉಸುಕು ಇನ್ನೂ ಹೋಗಿಲ್ಲ. ಬರೋ ವರ್ಷದ ತನಕ ನನ್ನ ಕಡೇನ ಇರಲೇನು?